ಹಳ್ಳದ ಬಸವನಹುಳು ಮರಳಿ ಬಂದಿವೆ, ಆದರೆ ಎಲ್ಲ ಬಗೆಯೂ ಬಂದಿವೆಯೇ?

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಒಂದು ಹಳ್ಳಿ. ತೋಟದ ಕೆಳಗೆ ಹರಿಯುವ ಹಳ್ಳ ಮುಂದೆ ಅಘನಾಶಿನಿಗೆ ಸೇರುತ್ತದೆ. ನಾನು ಚಿಕ್ಕವನಿದ್ದಾಗ ಹಳ್ಳದ ಕಲ್ಲಿಗೆಲ್ಲ ಕಪ್ಪು ಬಸವನಹುಳು ಮೆತ್ತಿಕೊಂಡಿರುತ್ತಿದ್ದವು. ಕೆಲವು ವರ್ಷದ ಹಿಂದೆ ಬೇಸಿಗೆಯಲ್ಲಿ ಹಳ್ಳ ಪೂರ್ತಿ ಬತ್ತಿತು. ಆಮೇಲೆ ಹುಳು ಕಾಣಲೇ ಇಲ್ಲ. ಈಗ ಎರಡು ವರ್ಷದಿಂದ ಮತ್ತೆ ಕಾಣುತ್ತಿವೆ. ನಮಗೆ ಸಂತೋಷ. ಆದರೆ ಜೀವಶಾಸ್ತ್ರ ಓದುತ್ತಿರುವ ಮಗಳು ‘ಸಂಖ್ಯೆ ಬಂದರೂ ಜೆನೆಟಿಕ್ ವೈವಿಧ್ಯ ಬಂದಿರುವುದಿಲ್ಲ’ ಎನ್ನುತ್ತಾಳೆ. ಹಾಗೆಂದರೆ ಏನು? ಆಫ್ರಿಕಾದ ದೊಡ್ಡ ಬಸವನಹುಳು ಕೆಲವೇ ಹುಳುವಿನಿಂದ ದೇಶವೆಲ್ಲ ತುಂಬಿತಂತೆ. ಅದಕ್ಕಿಲ್ಲದ ತೊಂದರೆ ಇದಕ್ಕೆ ಯಾಕೆ? ಪಕ್ಕದ ಹೊಳೆಯಿಂದ ಒಂದು ಬುಟ್ಟಿ ತಂದು ಬಿಟ್ಟರೆ ಸರಿಹೋಗುತ್ತದೆಯೇ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಬುಟ್ಟಿಯ ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ: ದಯವಿಟ್ಟು ಬೇಡ. ಯಾಕೆ ಎನ್ನುವುದಕ್ಕೆ ಆಮೇಲೆ ಬರುತ್ತೇನೆ. ಹಳ್ಳ ಬತ್ತಿದ ಆ ಬೇಸಿಗೆಯಲ್ಲಿ ಏನಾಯಿತು ಎನ್ನುವುದನ್ನು ಮೊದಲು ನೋಡೋಣ.

ನೀವು ಅಪ್ಪೆಮಿಡಿಯ, ಅಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವಿನ ಮಿಡಿಯ ಊರಿನವರು. ನಿಮಗೆ ಇದು ಬೇಗ ಅರ್ಥವಾಗುತ್ತದೆ. ಹೊಳೆದಂಡೆಯ ಒಂದೊಂದು ಅಪ್ಪೆ ಮರಕ್ಕೂ ಒಂದೊಂದು ಪರಿಮಳ. ಒಂದರ ಮಿಡಿ ಮುರಿದರೆ ಜೀರಿಗೆ ವಾಸನೆ, ಇನ್ನೊಂದಕ್ಕೆ ಕರ್ಪೂರದ ವಾಸನೆ. ಒಂದು ಮರದ್ದು ಉಪ್ಪಿನಲ್ಲಿ ವರ್ಷಗಟ್ಟಲೆ ಗಟ್ಟಿ ಇರುತ್ತದೆ, ಪಕ್ಕದ ಮರದ್ದು ಬೇಗ ಮೆತ್ತಗಾಗುತ್ತದೆ. ಈಗ ಹೊಳೆ ಉಕ್ಕಿ ದಂಡೆಯ 40 ಮರಗಳಲ್ಲಿ 38 ಕೊಚ್ಚಿಹೋದವು ಎಂದುಕೊಳ್ಳಿ. ಉಳಿದ ಎರಡು ಮರದಿಂದ ಕಸಿ ಕಟ್ಟಿ 400 ಗಿಡ ಮಾಡಬಹುದು. ಎಣಿಸಿದರೆ ಮೊದಲಿಗಿಂತ ಹತ್ತು ಪಟ್ಟು ಜಾಸ್ತಿ. ಮಿಡಿಗೆ ಬರವಿಲ್ಲ. ಆದರೆ ಪರಿಮಳ ಎರಡೇ. ಮುಂದೆ ಆ ಎರಡು ತಳಿಗೆ ಆಗದ ಒಂದು ರೋಗ ಬಂದರೆ 400 ಗಿಡವೂ ಒಟ್ಟಿಗೇ ಮಲಗುತ್ತವೆ.

ಬಸವನಹುಳುವಿನಲ್ಲಿ ಈ ಪರಿಮಳ ಮೂಗಿಗೆ ಬರುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಅದು ಜೀನ್‌ಗಳಲ್ಲಿದೆ. ಒಂದೇ ಜೀನ್ ಬೇರೆ ಬೇರೆ ಹುಳುಗಳಲ್ಲಿ ಸ್ವಲ್ಪ ಬೇರೆ ಬೇರೆ ರೂಪದಲ್ಲಿ ಇರುತ್ತದೆ. ಒಂದು ರೂಪ ಇದ್ದ ಹುಳು ಬಿಸಿ ನೀರನ್ನು ತಡೆದುಕೊಳ್ಳಬಹುದು. ಇನ್ನೊಂದು ರೂಪ ಪರಾವಲಂಬಿ ಹುಳವನ್ನು ದೂರ ಇಡಬಹುದು. ಸುಣ್ಣದ ಅಂಶ ಕಡಿಮೆ ಇರುವ ನಮ್ಮ ಮಲೆನಾಡಿನ ಮೆದು ನೀರಿನಲ್ಲೂ ಗಟ್ಟಿ ಚಿಪ್ಪು ಕಟ್ಟಲು ಮತ್ತೊಂದು ನೆರವಾಗಬಹುದು. ಈ ಎಲ್ಲ ರೂಪಗಳ ಒಟ್ಟು ದಾಸ್ತಾನೇ ಜೆನೆಟಿಕ್ ವೈವಿಧ್ಯ.

ಈಗ ಲೆಕ್ಕಕ್ಕೆ ಬರೋಣ. ಲೆಕ್ಕ ಸುಲಭವಿದೆ, ಮಗಳ ಜೊತೆ ಕೂತು ಮಾಡಿ ನೋಡಿ. ನಿಮ್ಮ ಹಳ್ಳ ಬತ್ತಿದ ವರ್ಷ ಎಲ್ಲೋ ಬಂಡೆಯ ಸಂದಿಯಲ್ಲಿ 10 ಹುಳು ಉಳಿದವು ಅಂತಿಟ್ಟುಕೊಳ್ಳಿ. ಪ್ರತಿ ಹುಳುವಿನಲ್ಲೂ ಒಂದು ಜೀನಿನ ಎರಡು ಪ್ರತಿ. ಒಟ್ಟು 20 ಪ್ರತಿ. ಮೊದಲು ನೂರಕ್ಕೆ ಒಂದರಂತೆ ಇದ್ದ ಅಪರೂಪದ ಒಂದು ರೂಪ ಈ 20ರಲ್ಲಿ ಒಂದಾದರೂ ಉಳಿದಿರುವ ಸಾಧ್ಯತೆ ನೂರಕ್ಕೆ ಸುಮಾರು 18 ಮಾತ್ರ. ನೂರಕ್ಕೆ 82 ಸಲ ಅದು ಆ ಬೇಸಿಗೆಗೇ ಮುಗಿದುಹೋಗುತ್ತದೆ. ಹೊಸ ರೂಪ ಹುಟ್ಟುವುದು ಜೀನಿನಲ್ಲಿ ತಾನಾಗಿ ಆಗುವ ಬದಲಾವಣೆ, ಅಂದರೆ ಮ್ಯುಟೇಶನ್‌ನಿಂದ. ಅದಕ್ಕೆ ಸಾವಿರಾರು ತಲೆಮಾರು ಬೇಕು. ಹುಳುಗಳ ಸಂಖ್ಯೆ ಎರಡು ಮಳೆಗಾಲದಲ್ಲಿ ಮರಳಿ ಬರುತ್ತದೆ. ಕಳೆದ ರೂಪ ಹಾಗೆ ಬರುವುದಿಲ್ಲ.

ಎಲ್ಲ ಕಡೆ ಸಾಮಾನ್ಯವಾಗಿ ಇದ್ದ ರೂಪಗಳಿಗೆ ಅಷ್ಟು ಪೆಟ್ಟಾಗಿರುವುದಿಲ್ಲ. 10 ಹುಳುವಿನ ಒಂದು ತಲೆಮಾರಿನಲ್ಲಿ ಆ ಮಿಶ್ರಣದ ಶೇ. 5 ಮಾತ್ರ ಹೋಗುತ್ತದೆ. ಹಾಗಾಗಿ ಹಳ್ಳ ಬೇಗ ಚೇತರಿಸಿಕೊಂಡಿದ್ದರೆ ನಿಮ್ಮ ಹುಳುಗಳು ಬಡವಾಗಿರಬಹುದು, ಆದರೆ ದಿವಾಳಿಯಾಗಿಲ್ಲ. ಇದು ನಿಜಕ್ಕೂ ಸಮಾಧಾನದ ವಿಷಯ. ಕಷ್ಟ ಬರುವುದು ಸಂಖ್ಯೆ 10ರಲ್ಲೇ ಹತ್ತು ತಲೆಮಾರು ಕುಂಟಿದಾಗ. ಆಗ ಉಳಿಯುವುದು ಶೇ. 60 ಮಾತ್ರ. ಅಷ್ಟು ಹೊತ್ತಿಗೆ ಅಣ್ಣತಂಗಿಯರೇ ಕೂಡತೊಡಗಿರುತ್ತಾರೆ, ಮೊಟ್ಟೆ ಕೆಡುತ್ತವೆ, ಮರಿಗಳು ಬಡಕಲಾಗುತ್ತವೆ. ಅದೇ 500 ಹುಳು ಇದ್ದರೆ ಒಂದು ತಲೆಮಾರಿಗೆ ಹೋಗುವುದು ಸಾವಿರದಲ್ಲಿ ಒಂದು ಪಾಲು.

ಇನ್ನೊಂದು ಲೆಕ್ಕ ಇದೆ. ನಾನು ಹೋದಲ್ಲೆಲ್ಲ ಇದನ್ನು ಹೇಳುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಯ ಹಳ್ಳಗಳ ಕಥೆಯೆಲ್ಲ ಇದರಲ್ಲಿದೆ. ಒಂದು ಹಳ್ಳದಲ್ಲಿ ಒಂಬತ್ತು ವರ್ಷ ಸಾವಿರ ಹುಳು ಇದ್ದವು, ಒಂದು ವರ್ಷ ಮಾತ್ರ ಹತ್ತಕ್ಕೆ ಇಳಿದವು. ಸರಾಸರಿ ಎಷ್ಟು? ಶಾಲೆಯ ಲೆಕ್ಕದಲ್ಲಿ 901. ಜೀನ್‌ಗಳ ಲೆಕ್ಕದಲ್ಲಿ ಸುಮಾರು 92. ಜೀನ್‌ಗಳ ಸರಾಸರಿಯನ್ನು ಬೇರೆ ರೀತಿ ತೆಗೆಯಬೇಕು, ಅದರಲ್ಲಿ ಕೆಟ್ಟ ವರ್ಷದ ತೂಕ ಜಾಸ್ತಿ. ಒಂಬತ್ತು ಒಳ್ಳೆ ವರ್ಷ ಸೇರಿದರೂ ಒಂದು ಕೆಟ್ಟ ಏಪ್ರಿಲನ್ನು ತುಂಬಿಕೊಡಲಾರವು.

ಏಪ್ರಿಲ್ ಎಂದು ಸುಮ್ನೆ ಹೇಳಿದ್ದಲ್ಲ. ಜುಲೈನಲ್ಲಿ ನಿಮ್ಮ ಹಳ್ಳ ಭೋರ್ಗರೆಯುತ್ತದೆ. ಡಿಸೆಂಬರಿಗೆ ಮೊಣಕಾಲು ನೀರು. ಮಾರ್ಚಿಗೆ ಹರಿವು ನಿಂತು ಗುಂಡಿಗಳು ಉಳಿಯುತ್ತವೆ. ಏಪ್ರಿಲ್ ಕೊನೆಗೆ ಒಂದೋ ಎರಡೋ ಗುಂಡಿ, ಮೇಲೆ ಹೊಳೆಲಕ್ಕಿ ಮರದ ನೆರಳು, ಕೆಳಗೆ ಕೊಳೆತ ಎಲೆ. ಇಡೀ ಹಳ್ಳದ ಬಸವನಹುಳುಗಳು ಅಲ್ಲಿರುತ್ತವೆ. ಇದು ಹೊಸದಲ್ಲ, ಮಲೆನಾಡಿನ ಹಳ್ಳಗಳು ಎಂದಿನಿಂದಲೂ ಹೀಗೇ ಉಸಿರಾಡಿವೆ, ಬೇಸಿಗೆಯಲ್ಲಿ ಕುಗ್ಗಿ ಮಳೆಯಲ್ಲಿ ಹಿಗ್ಗಿ. ಹೊಸದೆಂದರೆ ಆ ಕೊನೆಯ ಗುಂಡಿಗೂ ಪಂಪಿನ ಪೈಪು ಇಳಿದಿರುವುದು. ತೋಟ ಒಣಗುವಾಗ ಯಾರಿಗಾದರೂ ಕೈ ಅಲ್ಲಿಗೇ ಹೋಗುತ್ತದೆ, ನನಗೆ ಅರ್ಥವಾಗುತ್ತದೆ. ಆದರೆ ಆ ಗುಂಡಿಯ ಕೊನೆಯ ಒಂದು ಅಡಿ ನೀರು ತೋಟಕ್ಕೆ ಒಂದು ತಾಸಿನ ನೀರು. ಬಸವನಹುಳುವಿಗೆ ಅದು ನೂರಾರು ವರ್ಷದ ದಾಸ್ತಾನು.

ಈಗ ಆಫ್ರಿಕಾದ ಹುಳುವಿನ ಪ್ರಶ್ನೆ. ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. 1847ರಲ್ಲಿ ಬೆನ್ಸನ್ ಎಂಬವರು ಮಾರಿಷಸ್‌ನಿಂದ ತಂದ ಹುಳುಗಳನ್ನು ಕಲ್ಕತ್ತದ ಒಂದು ತೋಟದಲ್ಲಿ ಬಿಟ್ಟರು. ನಮ್ಮ ದೇಶದಲ್ಲಿ ಅದರ ಕಥೆ ಶುರುವಾಗುವುದು ಅಲ್ಲಿಂದ. ಬಂದಿದ್ದು ಕೆಲವೇ ಹುಳು, ವೈವಿಧ್ಯ ಬಹಳ ಕಡಿಮೆ, ಆದರೂ ಎಲ್ಲೆಡೆ ಹಬ್ಬಿದವು. ಹೇಗೆ? ಅದು ನೆಲದ ಮೇಲಿನ ಹುಳು. ಒಂದೇ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ. ಒಂದು ಸಲಕ್ಕೆ ನೂರಾರು ಮೊಟ್ಟೆ. ಹೊಸ ನಾಡಿಗೆ ಬರುವಾಗ ತನ್ನ ಊರಿನ ಶತ್ರುಗಳನ್ನು, ರೋಗಗಳನ್ನು ಬಹುಪಾಲು ಹಿಂದೆ ಬಿಟ್ಟು ಬಂದಿತ್ತು. ಅದಕ್ಕೆ ಪರೀಕ್ಷೆಯೇ ಸುಲಭವಿತ್ತು. ನಿಮ್ಮ ಹಳ್ಳದ ಹುಳು ತನ್ನ ಊರಿನಲ್ಲೇ ಇದೆ. ಅದನ್ನು ತಿನ್ನುವ ಏಡಿ, ಮೀನು, ಮಿಣುಕುಹುಳದ ಮರಿ, ಒಳಗೆ ಕೂರುವ ಪರಾವಲಂಬಿ ಎಲ್ಲವೂ ಅಲ್ಲೇ ಇವೆ. ಎಲ್ಲವಕ್ಕೂ ಇದರ ಗುಟ್ಟು ಗೊತ್ತು.

ಪರಾವಲಂಬಿಯ ವಿಷಯ ಸ್ವಲ್ಪ ಬಿಡಿಸಿ ಹೇಳಲೇಬೇಕು, ನನಗೆ ಇದು ತುಂಬ ಇಷ್ಟದ ಭಾಗ. ಸಿಹಿನೀರಿನ ಬಸವನಹುಳುಗಳೊಳಗೆ ಚಪ್ಪಟೆ ಹುಳಗಳ ಮರಿಗಳು ಬೆಳೆಯುತ್ತವೆ. ದನಗಳ ಪಿತ್ತಜನಕಾಂಗದ (ಲಿವರ್) ಹುಳದ ಬಾಳು ಸಾಗುವುದು ಹೀಗೆಯೇ. ಈ ಹುಳ ಹೊಕ್ಕ ಬಸವನಹುಳು ಹೆಚ್ಚಾಗಿ ಬಂಜೆಯಾಗುತ್ತದೆ. ನ್ಯೂಜಿಲೆಂಡಿನಲ್ಲಿ ಪೊಟಮೊಪಿರ್ಗಸ್ ಎಂಬ ಅಕ್ಕಿಕಾಳಿನಷ್ಟು ಸಣ್ಣ ಬಸವನಹುಳು ಇದೆ. ಅದರಲ್ಲಿ ಕೆಲವು ಹೆಣ್ಣುಗಳು ಗಂಡಿನ ನೆರವಿಲ್ಲದೆ ತಮ್ಮದೇ ಪಡಿಯಚ್ಚು ಮರಿ ಹಾಕುತ್ತವೆ, ಕೆಲವು ಗಂಡಿನ ಜೊತೆ ಕೂಡಿ ಹಾಕುತ್ತವೆ. ಪಡಿಯಚ್ಚು ಹಾಕುವವು ಬೇಗ ಹೆಚ್ಚುತ್ತವೆ, ಹಾಗಾಗಿ ಎಲ್ಲ ಕಡೆ ಅವೇ ಗೆಲ್ಲಬೇಕಿತ್ತು. 1987ರಲ್ಲಿ ಕರ್ಟಿಸ್ ಲೈವ್ಲಿ ಎಂಬ ವಿಜ್ಞಾನಿ ಹಲವು ಕಡೆಯ ಹುಳುಗಳನ್ನು ಹೋಲಿಸಿ ತೋರಿಸಿದ್ದು ಬೇರೆ: ಪರಾವಲಂಬಿ ಜಾಸ್ತಿ ಇದ್ದ ಕಡೆ ಗಂಡುಗಳೂ ಜಾಸ್ತಿ. ಅಂದರೆ ಶತ್ರು ಬಲವಾಗಿದ್ದಲ್ಲಿ ಜೀನ್‌ಗಳನ್ನು ಕಲಸಿ ಪ್ರತಿ ಮರಿಯನ್ನೂ ಬೇರೆ ಮಾಡುವುದೇ ಬದುಕುವ ದಾರಿ. ಎಲ್ಲ ಮನೆಗೂ ಒಂದೇ ಬೀಗ ಇದ್ದರೆ ಕಳ್ಳನಿಗೆ ಒಂದೇ ಕೀಲಿ ಸಾಕು, ಅಲ್ವಾ?

ಹಾಗೆಂದು ಎಲ್ಲ ಬಸವನಹುಳುವಿಗೂ ಒಂದೇ ಅಳತೆಗೋಲು ಹಿಡಿಯಬಾರದು. ನಿಮ್ಮ ತೋಟದ ಕಾದಿಗೆಯ (ಬಸಿಗಾಲುವೆಯ) ನಿಂತ ನೀರಿನಲ್ಲಿ ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡ ಇಂಡೋಪ್ಲಾನಾರ್ಬಿಸ್ ಸಿಗಬಹುದು. ಅದು ಒಂದೇ ಇದ್ದರೂ ತನ್ನಿಂದ ತಾನೇ ಮೊಟ್ಟೆಯಿಟ್ಟು ಸಂಸಾರ ಹೂಡುತ್ತದೆ. ಕೆರೆಯಲ್ಲಿ ಉದ್ದಕ್ಕೆ ತಿರುಪಿನಂತಿರುವ ಮೆಲನಾಯ್ಡಿಸ್ ಇರುತ್ತದೆ. ಅದರಲ್ಲಿ ಬಹುಪಾಲು ಹೆಣ್ಣುಗಳೇ. ಇವುಗಳಲ್ಲಿ ವೈವಿಧ್ಯ ಕಡಿಮೆ ಕಂಡರೆ ಅದು ಅಳಿವಿನ ಗುರುತಲ್ಲ, ಅವುಗಳ ಬಾಳುವೆಯೇ ಹಾಗೆ. ನೀವು ಹೇಳಿದ, ಹರಿಯುವ ನೀರಿನ ಕಲ್ಲಿಗೆ ಮೆತ್ತಿಕೊಂಡು ಪಾಚಿ ಕೆರೆದು ತಿನ್ನುವ ಕಪ್ಪು ಹುಳು ಹೆಚ್ಚಾಗಿ ಪಾಲುಡೋಮಸ್ ಇರಬೇಕು. ಅದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಮರಿ ಈಜಿ ದೂರ ಹೋಗುವುದಿಲ್ಲ, ಹುಟ್ಟಿದ ಕಲ್ಲಿನ ಆಸುಪಾಸೇ ತೆವಳುತ್ತದೆ. ನಾನು ಆತಂಕ ಪಡುವುದು ಇಂಥವುಗಳ ಬಗ್ಗೆ.

ಘಟ್ಟ ಇಳಿದು ಕರಾವಳಿಗೆ ಹೋದರೆ ಕಥೆಯೇ ಬೇರೆ. ಹೊಳೆಯ ಕೆಳಭಾಗದಲ್ಲಿರುವ ನೆರೈಟ್ ಗುಂಪಿನ ಹಲವು ಹುಳುಗಳ ಮರಿಗಳು ನೀರಿನ ಜೊತೆ ಸಮುದ್ರಕ್ಕೆ ಹೋಗಿ, ಅಲ್ಲಿ ಕೆಲಕಾಲ ತೇಲಿ, ಯಾವುದೋ ಹೊಳೆಯ ಬಾಯಿಂದ ಮತ್ತೆ ಮೇಲೆ ಹತ್ತುತ್ತವೆ. ಹಾಗಾಗಿ ಬೇರೆ ಬೇರೆ ಹೊಳೆಯ ಜೀನ್‌ಗಳು ಸಮುದ್ರದಲ್ಲಿ ಬೆರೆಯುತ್ತವೆ. ಅವುಗಳಿಗೆ ಬೇಕಾದದ್ದು ತೆರೆದ ದಾರಿ. ಅಘನಾಶಿನಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಇಲ್ಲ. ಕಾಳಿ ನದಿಗೆ ಸೂಪಾದಿಂದ ಕದ್ರಾದವರೆಗೆ ಸಾಲು ಅಣೆಕಟ್ಟು ಇದೆ.

ಜಲಪಾತದ ಹುಳುಗಳು ಇದಕ್ಕೆ ಪೂರ್ತಿ ತದ್ವಿರುದ್ಧ. ಕ್ರೆಮ್ನೋಕಾಂಕಸ್ ಎಂಬ ಪುಟ್ಟ ಬಸವನಹುಳುಗಳ ನೆಂಟರೆಲ್ಲ ಸಮುದ್ರದ ದಂಡೆಯವರು. ಇವು ಮಾತ್ರ ಪಶ್ಚಿಮ ಘಟ್ಟದ ಕಡಿದಾದ ಮೈಯಲ್ಲಿ, ನೀರಿನ ತುಂತುರು ಬೀಳುವ ಬಂಡೆಯ ಮೇಲೆ ಬದುಕುತ್ತವೆ. 2013ರಲ್ಲಿ ಡೇವಿಡ್ ರೀಡ್, ಎನ್.ಎ. ಅರವಿಂದ್ ಮತ್ತು ಎನ್.ಎ. ಮಧ್ಯಸ್ಥ ಅವರು ಕರ್ನಾಟಕದ ಘಟ್ಟದಿಂದ ಇದರ ಆರು ಹೊಸ ಜಾತಿಗಳನ್ನು ವಿವರಿಸಿದರು. ಅಷ್ಟು ದೊಡ್ಡ ಸಂಗತಿ ನಮ್ಮ ಕಾಲದವರೆಗೆ ತೊಯ್ದ ಬಂಡೆಯ ಮೇಲೆ ಸುಮ್ಮನೆ ಕೂತಿತ್ತು. ಒಂದೊಂದು ಜಾತಿ ಇರುವ ಜಾಗ ಬಹಳ ಚಿಕ್ಕದು. ಒಂದು ಜಲಪಾತದ ನೀರು ತಿರುಗಿಸಿದರೆ ಜೀನಿನ ಒಂದು ರೂಪವಲ್ಲ, ಒಂದು ಜಾತಿಯೇ ಹೋಗಬಹುದು. ಉಂಚಳ್ಳಿ ಜಲಪಾತದ ಎದುರು ಎಲ್ಲರೂ ಬೀಳುವ ನೀರು ನೋಡುತ್ತಾರೆ. ನನ್ನ ಕಣ್ಣು ಪಕ್ಕದ ಬಂಡೆಗೆ ಹೋಗುತ್ತದೆ.

ನಿಮ್ಮ ಹಳ್ಳಕ್ಕೆ ಮರಳಿ ಬರೋಣ. ಪೂರ್ತಿ ಬತ್ತಿದ ಹಳ್ಳಕ್ಕೆ ಹುಳು ಎಲ್ಲಿಂದ ಬಂದವು? ಮೂರು ದಾರಿ ಇವೆ. ಪಾಲುಡೋಮಸ್‌ಗೆ ಬಾಗಿಲಿನಂತೆ ಒಂದು ಮುಚ್ಚಳ ಇದೆ, ಅದನ್ನು ಮುಚ್ಚಿಕೊಂಡು ತೇವದ ಸಂದಿಯಲ್ಲಿ ಕೆಲವು ಉಳಿದಿರಬಹುದು. ಮೇಲಿನ ಯಾವುದಾದರೂ ಅಬ್ಬಿಯ (ಸಣ್ಣ ಜಲಪಾತದ) ಬುಡದಲ್ಲಿ ಉಳಿದವು ಮಳೆನೀರಿನ ಜೊತೆ ಕೆಳಗೆ ಬಂದಿರಬಹುದು, ನನಗೆ ಇದೇ ಹೆಚ್ಚು ನಂಬುವಂತೆ ಕಾಣುತ್ತದೆ. ಮೂರನೆಯದು ಹಕ್ಕಿಯ ಕಾಲು. ಡಾರ್ವಿನ್ ಬಾತುಕೋಳಿಯ ಪಾದವನ್ನು ಬಸವನಹುಳುವಿನ ಮೊಟ್ಟೆ ಒಡೆಯುತ್ತಿದ್ದ ನೀರಿನಲ್ಲಿ ಇಳಿಬಿಟ್ಟು ನೋಡಿದ್ದರು. ಸಣ್ಣ ಮರಿಗಳು ಪಾದಕ್ಕೆ ಅಂಟಿಕೊಂಡವು, ತೇವದ ಗಾಳಿಯಲ್ಲಿ 12ರಿಂದ 20 ತಾಸು ಬದುಕಿದವು. 1882ರಲ್ಲಿ, ತೀರಿಕೊಳ್ಳುವ ಕೆಲವೇ ದಿನ ಮೊದಲು, ಡಾರ್ವಿನ್ ಪ್ರಕಟಿಸಿದ ಕೊನೆಯ ಬರಹವೂ ಇಂಥದ್ದೇ: ನೀರುಜೀರುಂಡೆಯ ಕಾಲಿಗೆ ಕಚ್ಚಿಕೊಂಡ ಒಂದು ಪುಟ್ಟ ಚಿಪ್ಪಿಯ ಬಗ್ಗೆ. ಅದನ್ನು ಅವರಿಗೆ ಕಳಿಸಿದವರು ಕ್ರಿಕ್ ಎಂಬ ಶೂ ತಯಾರಕ. ಅವರ ಮೊಮ್ಮಗ ಫ್ರಾನ್ಸಿಸ್ ಕ್ರಿಕ್ 1953ರಲ್ಲಿ ವಾಟ್ಸನ್ ಜೊತೆ ಡಿಎನ್ಎಯ ರಚನೆ ಬಿಡಿಸಿದರು. ನಿಮ್ಮ ಮಗಳಿಗೆ ಇದನ್ನು ಹೇಳಿ, ಖುಷಿ ಪಡುತ್ತಾಳೆ.

ಬುಟ್ಟಿ ಯಾಕೆ ಬೇಡ ಎಂದರೆ, ಪಕ್ಕದ ಹೊಳೆ ನಕ್ಷೆಯಲ್ಲಿ ಪಕ್ಕದಲ್ಲಿದೆ, ಹುಳುವಿಗಲ್ಲ. ಶಿರಸಿಯ ದಿಬ್ಬದ ಒಂದು ಬದಿಯ ನೀರು ಅಘನಾಶಿನಿಗೆ, ಇನ್ನೊಂದು ಬದಿಯದ್ದು ಶಾಲ್ಮಲೆ ಹಿಡಿದು ಗಂಗಾವಳಿಗೆ ಹೋಗುತ್ತದೆ. ಈಜಲಾರದ ಹುಳುವಿಗೆ ನಡುವಿನ ಗುಡ್ಡ ಎಂದರೆ ಸಾವಿರಾರು ವರ್ಷದ ಅಗಲಿಕೆ. ಎರಡೂ ಕಡೆ ಕಪ್ಪಗೆ ಒಂದೇ ಥರ ಕಂಡರೂ ಒಳಗೆ ಬೇರೆ ಜಾತಿಯೇ ಇರಬಹುದು. ಒಂದೇ ಜಾತಿಯಾದರೂ ತಮ್ಮ ತಮ್ಮ ನೀರಿಗೆ ಒಗ್ಗಿಕೊಂಡ ಜೀನ್‌ಗಳು ಬೆರೆತು ಮರಿಗಳು ಎರಡೂ ನೀರಿಗೆ ಒಗ್ಗದೆ ಹೋಗಬಹುದು. ಜೊತೆಗೆ ಆ ಬುಟ್ಟಿಯಲ್ಲಿ ಪರಾವಲಂಬಿಯೂ ಬರುತ್ತದೆ. ಒಮ್ಮೆ ಬಿಟ್ಟ ಮೇಲೆ ವಾಪಸ್ ಹೆಕ್ಕಲು ಆಗುವುದಿಲ್ಲ.

ಇನ್ನೊಂದು ಮಾತು. ಜೀನ್‌ಗಳ ಹರಿವಿಗೆ ಬುಟ್ಟಿಗಟ್ಟಲೆ ಬೇಕಾಗಿಯೂ ಇಲ್ಲ. ಒಂದು ತಲೆಮಾರಿಗೆ ಒಂದರಿಂದ ಹತ್ತು ಹುಳು ಬಂದು ಕೂಡಿಕೊಂಡರೆ ಬಹುತೇಕ ಸಾಕು. ಅದನ್ನು ನಿಮ್ಮ ಹಳ್ಳದ ಮೇಲಿನ ಕವಲುಗಳೇ ಮಾಡಬಲ್ಲವು, ದಾರಿ ಇದ್ದರೆ. ರಸ್ತೆಯ ಅಡಿ ಹಾಕಿದ ಸಿಮೆಂಟ್ ಪೈಪ್ ಹಳ್ಳದ ತಳಕ್ಕಿಂತ ಒಂದು ಅಡಿ ಮೇಲೆ ನೇತಾಡುತ್ತಿದ್ದರೆ ಕೆಳಗಿನ ಹುಳು ಮೇಲೆ ಹತ್ತಲಾರದು. ಅದರ ಬಾಯಿಗೆ ಕಲ್ಲು ಒಟ್ಟಿ ಇಳಿಜಾರು ಮಾಡಿ. ಬುಟ್ಟಿ ಹುಳುವಿಗಿಂತ ಅದು ಎಷ್ಟೋ ದೊಡ್ಡ ಉಪಕಾರ.

ಮೈಲುತುತ್ತದ (ತಾಮ್ರದ ಸಲ್ಫೇಟ್) ಬಗ್ಗೆ ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ಹೊಡೆಯಬೇಡಿ ಎಂದು ನಾನು ಹೇಳುವುದಿಲ್ಲ, ವರ್ಷದ ಫಸಲು ಅದರ ಮೇಲೆ ನಿಂತಿದೆ. ಆದರೆ ಬಸವನಹುಳುಗಳನ್ನು ಕೊಲ್ಲಲೆಂದೇ ಕೆರೆ ಕಾಲುವೆಗಳಿಗೆ ಹಾಕುತ್ತಿದ್ದ ಔಷಧಿಗಳಲ್ಲಿ ಮೈಲುತುತ್ತವೂ ಒಂದು ಎನ್ನುವುದು ನೆನಪಿರಲಿ. ತಾಮ್ರದ ವಿಷ ಮೆದು ನೀರಿನಲ್ಲಿ ಇನ್ನೂ ಜೋರು, ನಮ್ಮ ಹಳ್ಳದ್ದು ಮೆದು ನೀರು. 100 ಲೀಟರ್‌ಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಎನ್ನುವ ಅಳತೆಯಲ್ಲಿ ಸುಣ್ಣ ಕಡಿಮೆ ಮಾಡಬೇಡಿ. ಡ್ರಮ್ಮು, ಪೈಪು, ಉಳಿದ ಗಸಿ ಯಾವುದನ್ನೂ ಹಳ್ಳದಲ್ಲಿ ತೊಳೆಯಬೇಡಿ. ದೂರದ ಒಣ ಗುಂಡಿಯಲ್ಲಿ ಚೆಲ್ಲಿ.

ಡಿಎನ್ಎ ಪರೀಕ್ಷೆ ಮಾಡಿಸಬಹುದೇ ಎಂದು ಮಗಳು ಕೇಳಿಯೇ ಕೇಳುತ್ತಾಳೆ. ಮಾಡಬಹುದು. ಒಂದು ಜಾಗದಿಂದ 20–30 ಹುಳು ಬೇಕು, ಪಾದದ ಒಂದು ಚೂರು ಆಲ್ಕೋಹಾಲ್‌ನಲ್ಲಿ ಇಟ್ಟರೆ ಸಾಕು. ಇವುಗಳ ಲೋಳೆ ಪ್ರಯೋಗಾಲಯದವರಿಗೆ ತಲೆನೋವು, ಅದನ್ನು ತೆಗೆಯದಿದ್ದರೆ ಪರೀಕ್ಷೆ ಕೈಕೊಡುತ್ತದೆ. ಜಾತಿ ಗುರುತಿಸಲು ಸಾಮಾನ್ಯವಾಗಿ ನೋಡುವ ಒಂದು ಜೀನ್ ತಾಯಿಯ ಕಡೆಯ ಕಥೆ ಮಾತ್ರ ಹೇಳುತ್ತದೆ. ವೈವಿಧ್ಯ ಅಳೆಯಲು ತಂದೆತಾಯಿ ಇಬ್ಬರಿಂದಲೂ ಬರುವ ಹಲವು ಗುರುತುಗಳು ಬೇಕು. ಕಾಡಿನಿಂದ ಹುಳು ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. 2002ರ ಜೀವವೈವಿಧ್ಯ ಕಾಯ್ದೆಯಡಿ ನಿಮ್ಮ ಪಂಚಾಯಿತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿಯ ದಾಖಲೆ ಪುಸ್ತಕದಲ್ಲಿ ಹಕ್ಕಿ, ಮರ, ಔಷಧಿ ಗಿಡದ ಜೊತೆ ಈ ಹುಳುವಿನ ಹೆಸರೂ ಬರಲಿ. ನಿಮ್ಮ ಬಾಲ್ಯದ ನೆನಪನ್ನೂ ಬರೆಸಿ. ಹಳ್ಳದಲ್ಲಿ ಮೊದಲು ಏನಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಇಲ್ಲ.

ಬರುವ ಏಪ್ರಿಲ್ ಕೊನೆಯ ವಾರ ಇಬ್ಬರೂ ಹಳ್ಳದ ಉದ್ದಕ್ಕೆ ನಡೆಯಿರಿ. ನೀರು ಉಳಿದ ಗುಂಡಿಗಳನ್ನು ಗುರುತು ಮಾಡಿ. ಪ್ರತಿ ಗುಂಡಿಯಲ್ಲಿ ಹತ್ತು ಕಲ್ಲು ಎತ್ತಿ ಹುಳು ಎಣಿಸಿ, ಕಲ್ಲನ್ನು ಮೊದಲಿದ್ದ ಹಾಗೇ ಮಗುಚಿಡಿ. ದೊಡ್ಡವೆಷ್ಟು, ಮರಿ ಎಷ್ಟು ಬರೆಯಿರಿ. ಬರೀ ದೊಡ್ಡವೇ ಇದ್ದು ಮರಿ ಇಲ್ಲದಿದ್ದರೆ ನನಗೆ ಕೂಡಲೇ ತಿಳಿಸಿ. ಎರಡು ಗುಂಡಿಯನ್ನಾದರೂ ಪಂಪಿನಿಂದ ಬಿಟ್ಟುಬಿಡುವಂತೆ ಅಕ್ಕಪಕ್ಕದ ತೋಟದವರ ಜೊತೆ ಮಾತಾಡಿ, ಅವುಗಳ ಮೇಲಿನ ಮರದ ನೆರಳು ಕಡಿಯಬೇಡಿ. ಹುಳುವಿನ ಫೋಟೋ ಕಳಿಸುವಾಗ ಬಾಯಿಯ ಕಡೆಯಿಂದ ಒಂದು, ಬೆನ್ನಿನ ಕಡೆಯಿಂದ ಒಂದು ತೆಗೆಯಿರಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ.